ಮನೆಯಲ್ಲೇ ಎರೆಗೊಬ್ಬರದ ಡಬ್ಬ: ದಾವಣಗೆರೆ, ಚಿತ್ರದುರ್ಗ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಹೊಲದ ದೊಡ್ಡ ಗುಂಡಿಗಳ ವಿಚಾರವಲ್ಲ. ಬಾಡಿಗೆ ಮನೆಯ ಬಾಲ್ಕನಿ, ಬಚ್ಚಲ ಹಿಂದಿನ ಸಂದಿ, ಮೆಟ್ಟಿಲ ಕೆಳಗಿನ ಜಾಗದಲ್ಲಿ ಇಡುವ ಒಂದೆರಡು ಪ್ಲಾಸ್ಟಿಕ್ ಟಬ್ಬಿನ ವಿಚಾರ. ಮಲೆನಾಡಿನವರ ಸಲಹೆ ನಮ್ಮ ಕಡೆ ಇದ್ದ ಹಾಗೇ ನಡೆಯುವುದಿಲ್ಲ. ಇಲ್ಲಿ ಗಾಳಿ ಒಣ, ಬೇಸಿಗೆ ಉರಿ, ಬೋರ್ ನೀರಿನಲ್ಲಿ ಉಪ್ಪಿನಂಶ ಹೆಚ್ಚು. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇವೆ: ಹಸಿವಿನಿಂದ ಹುಳು ಸತ್ತ ಡಬ್ಬ ಅಪರೂಪ. ಅತಿಯಾಗಿ ತಿನ್ನಿಸಿ ಕೆಡಿಸಿದ ಡಬ್ಬಗಳೇ ಹೆಚ್ಚು.

ಮಳೆ ಬಂದಾಗ ಹೊಲದಲ್ಲಿ, ಅಂಗಳದಲ್ಲಿ ಸಿಗುವ ಎರೆಹುಳು ಹಿಡಿದು ಹಾಕಿದರೆ ಆಗದೇ?

ಆಗದು. ಅವು ಮಣ್ಣಿನೊಳಗೆ ಬಿಲ ಕೊರೆದು ಬಾಳುವ ಹುಳುಗಳು. ಡಬ್ಬದ ಕೊಳೆತ ಸಿಪ್ಪೆಯಲ್ಲಿ ಅವುಗಳಿಗೆ ನೆಲೆ ಇಲ್ಲ. ಒಂದೆರಡು ವಾರದಲ್ಲಿ ಓಡಿಹೋಗುತ್ತವೆ, ಇಲ್ಲ ಸಾಯುತ್ತವೆ. ಡಬ್ಬಕ್ಕೆ ಬೇಕಾದ್ದು ಮೇಲ್ಪದರದ ಕೊಳೆತ ಕಸದಲ್ಲೇ ಬದುಕುವ ಜಾತಿ. ನಮ್ಮಲ್ಲಿ ಬಳಕೆಯಲ್ಲಿರುವುದು ಮುಖ್ಯವಾಗಿ ಮೂರು.

ಐಸೀನಿಯಾ ಫೆಟಿಡಾ: 5ರಿಂದ 10 ಸೆಂ.ಮೀ. ಉದ್ದ, ಕೆಂಪು ಮೈ, ನಡುನಡುವೆ ತಿಳಿಹಳದಿ ಪಟ್ಟೆ. ಗಟ್ಟಿ ಜಾತಿ, ಹೊಸಬರ ಸಣ್ಣಪುಟ್ಟ ತಪ್ಪುಗಳನ್ನು ತಡೆದುಕೊಳ್ಳುತ್ತದೆ.

ಯೂಡ್ರಿಲಸ್ ಯೂಜೀನಿಯೆ: ಆಫ್ರಿಕಾ ಮೂಲದ್ದು. ಗೇಣುದ್ದದವರೆಗೂ ಬೆಳೆಯುತ್ತದೆ, ಬಣ್ಣ ನೇರಳೆ ಮಿಶ್ರಿತ ಕಂದು. ಬೇಗ ತಿನ್ನುತ್ತದೆ, ಬೇಗ ಬೆಳೆಯುತ್ತದೆ. ಬಿಸಿಲಿನ ನಾಡಿಗೆ ಒಗ್ಗುತ್ತದೆ. ಆದರೆ ಚಳಿಗೆ ಮಂಕಾಗುತ್ತದೆ, ಒರಟಾಗಿ ಮುಟ್ಟಿದರೆ ಸಹಿಸುವುದಿಲ್ಲ.

ಪೆರಿಯೋನಿಕ್ಸ್ ಎಕ್ಸ್‌ಕವೇಟಸ್: ನಮ್ಮ ಕಡೆಯದೇ ತೆಳ್ಳನೆಯ ಹುಳು, ಬೆಳಕಿಗೆ ಹಿಡಿದರೆ ಮೈ ನೀಲಿಯಾಗಿ ಮಿನುಗುತ್ತದೆ. ಕೆಲಸ ಚೆನ್ನಾಗಿ ಮಾಡುತ್ತದೆ, ಆದರೆ ಮಳೆ ಮೋಡ ಕಟ್ಟಿದ ರಾತ್ರಿ ಡಬ್ಬ ಬಿಟ್ಟು ಹೊರಡುವ ಚಾಳಿ ಇದೆ.

ಮನೆಯ ಡಬ್ಬಕ್ಕೆ ಮೊದಲೆರಡರಲ್ಲಿ ಯಾವುದಾದರೂ ಸರಿ. ಎರಡೂ ಬೆರೆತು ಬಂದಿದ್ದರೂ ಚಿಂತೆಯಿಲ್ಲ. ನಿಮ್ಮ ಡಬ್ಬಕ್ಕೆ ಒಗ್ಗಿದ್ದು ಉಳಿಯುತ್ತದೆ.

ಹುಳು ಎಲ್ಲಿ ಸಿಗುತ್ತದೆ? ಎಷ್ಟು ತರಬೇಕು?

ದಾವಣಗೆರೆಯವರು ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ, ಹಿರಿಯೂರು-ಚಿತ್ರದುರ್ಗದ ಕಡೆಯವರು ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಹುಳು ದಾಸ್ತಾನು ಇದೆಯೇ ಎಂದು ಫೋನಿನಲ್ಲಿ ಕೇಳಿಕೊಂಡೇ ಹೊರಡಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ಹತ್ತಿರದಲ್ಲಿ ಎರೆಗೊಬ್ಬರ ಮಾಡುವ ರೈತರು ಯಾರು ಎಂದು ಗೊತ್ತಾಗುತ್ತದೆ. ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ತೋಟದವರಲ್ಲಿ ಅನೇಕರು ತೊಟ್ಟಿ ಇಟ್ಟಿರುತ್ತಾರೆ. ಅಲ್ಲಿಂದ ತರುವುದಾದರೆ ಹುಳುವನ್ನಷ್ಟೇ ಆರಿಸಿ ತರಬೇಡಿ. ಅರ್ಧ ಆದ ಗೊಬ್ಬರದ ಸಮೇತ 4-5 ಕಿಲೋ ಕೇಳಿ ತನ್ನಿ. ಅದರಲ್ಲಿ ಮರಿ, ಮೊಟ್ಟೆಕೋಶ, ಸೂಕ್ಷ್ಮಜೀವಿ ಎಲ್ಲ ಸೇರಿ ಬರುತ್ತವೆ, ಹುಳುವಿಗೂ ಜಾಗ ಹೊಸದು ಅನಿಸುವುದಿಲ್ಲ.

ಒಂದು ಟಬ್ಬಿಗೆ 250ರಿಂದ 300 ಗ್ರಾಂ ಹುಳು ಸಾಕು. ತರುವಾಗ ಬಟ್ಟೆ ಚೀಲ ಅಥವಾ ಸಣ್ಣ ಗೋಣಿಚೀಲದಲ್ಲಿ ತನ್ನಿ. ಬಾಯಿ ಕಟ್ಟಿದ ಪ್ಲಾಸ್ಟಿಕ್ ಕವರಿನಲ್ಲಿ, ಮಧ್ಯಾಹ್ನದ ಬಸ್ಸಿನ ಎಂಜಿನ್ ಪಕ್ಕ ಇಟ್ಟು ತಂದರೆ ಮನೆ ಮುಟ್ಟುವಷ್ಟರಲ್ಲಿ ಅರ್ಧ ಬೆಂದಿರುತ್ತವೆ.

ಡಬ್ಬ ಹೇಗೆ ಮಾಡುವುದು?

ಬೇಕಾದ್ದು: ಒಂದೇ ಅಳತೆಯ 40-45 ಲೀಟರಿನ ಎರಡು ಪ್ಲಾಸ್ಟಿಕ್ ಟಬ್, ಒಂದು ಮುಚ್ಚಳ. ಸುಮಾರು 50 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ, 30 ಸೆಂ.ಮೀ. ಆಳ ಇದ್ದರೆ ಸರಿ. ಡಬ್ಬದ ಈ ಜಾತಿಯ ಎರೆಹುಳು ಆಳಕ್ಕೆ ಇಳಿಯುವುದಿಲ್ಲ, ಅಗಲಕ್ಕೆ ಹರಡುತ್ತದೆ. ಆದ್ದರಿಂದ ಖಾಲಿ ಪೇಂಟ್ ಬಕೆಟ್ಟಿಗಿಂತ ಅಗಲ ಬಾಯಿಯ ಟಬ್ ಮೇಲು. ಪೇಂಟ್ ಬಕೆಟ್ಟೇ ಇದೆ ಎನ್ನುವವರು ಅರ್ಧಕ್ಕಿಂತ ಮೇಲೆ ತುಂಬಬೇಡಿ. ಪಾರದರ್ಶಕ ಟಬ್ ಬೇಡ. ಹುಳುವಿಗೆ ಬೆಳಕು ಆಗದು.

ಮೇಲಿನ ಟಬ್ಬಿನ ತಳಕ್ಕೆ 6 ಮಿ.ಮೀ. ಬಿಟ್‌ನಿಂದ 20-25 ತೂತು ಹಾಕಿ. ಉದ್ದದ ಎರಡೂ ಬದಿಗೆ, ಅಂಚಿನಿಂದ ನಾಲ್ಕು ಬೆರಳು ಕೆಳಗೆ, 3 ಮಿ.ಮೀ.ನ ಹತ್ತತ್ತು ತೂತು. ಮುಚ್ಚಳಕ್ಕೂ ಅದೇ ಅಳತೆಯ ಇಪ್ಪತ್ತು. ಡ್ರಿಲ್ ಇಲ್ಲದಿದ್ದರೆ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಒಲೆಯಲ್ಲಿ ಕಾಸಿ ಚುಚ್ಚಬಹುದು. ಹೊರಗೆ ಕೂತು ಮಾಡಿ, ಆ ಹೊಗೆ ಒಳ್ಳೆಯದಲ್ಲ. ಕೆಳಗಿನ ಟಬ್ಬಿಗೆ ತೂತು ಬೇಡ, ಅದು ಸೋರಿದ ನೀರು ಹಿಡಿಯಲಿಕ್ಕೆ.

ಇಲ್ಲಿ ಬಹಳ ಜನ ಮರೆಯುವ ಒಂದು ಕೆಲಸವಿದೆ. ಒಂದೇ ಅಳತೆಯ ಟಬ್‌ಗಳು ಒಂದರೊಳಗೊಂದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಆಗ ತಳಕ್ಕೆ ಗಾಳಿ ಹೋಗದು, ಬದಿಯ ತೂತೂ ಮುಚ್ಚಿಹೋಗುತ್ತದೆ. ಕೆಳಗಿನ ಟಬ್ಬಿನಲ್ಲಿ ಎರಡು ಇಟ್ಟಿಗೆಗಳನ್ನು ಅಗಲ ಮೈ ಕೆಳಗಾಗಿ ಇಟ್ಟು ಅದರ ಮೇಲೆ ಮೇಲಿನ ಟಬ್ ಕೂರಿಸಿ. ಏಳೆಂಟು ಸೆಂ.ಮೀ. ಸಂದಿ ಸಿಗುತ್ತದೆ.

ಮೇಲಿನ ಟಬ್ಬಿನ ತಳಕ್ಕೆ ಹಳೆಯ ಶೇಡ್ ನೆಟ್ ತುಂಡು ಹಾಸಿ. ಅದರ ಮೇಲೆ ಎರಡು ಬೆರಳು ದಪ್ಪ ಶೇಂಗಾ ಸಿಪ್ಪೆ, ಮೆಕ್ಕೆಜೋಳದ ಬೆಂಡಿನ ತುಂಡು, ತೆಂಗಿನ ನಾರು ಅಥವಾ ಅಡಿಕೆ ಸಿಪ್ಪೆ ಹರಡಿ. ಇವು ಬೇಗ ಕರಗುವುದಿಲ್ಲ, ನೀರು ಬಸಿಯಲು ದಾರಿ ಕೊಡುತ್ತವೆ.

ಹಾಸು ಎಂದರೆ ಏನು, ಯಾವುದರಿಂದ ಮಾಡಬೇಕು?

ಹಾಸು ಎಂದರೆ ಹುಳು ವಾಸಿಸುವ ಮೆತ್ತನೆಯ ಪದರ. ನಿಧಾನವಾಗಿ ಅದನ್ನೂ ತಿಂದು ಮುಗಿಸುತ್ತವೆ. ಒಂದು ಟಬ್ಬಿಗೆ ಬೇಕಾಗುವ ಅಂದಾಜು ಹೀಗೆ:

- ಹರಿದ ರಟ್ಟು ಮತ್ತು ದಿನಪತ್ರಿಕೆ 1 ಕಿಲೋ. ಮಿರುಗುವ ಬಣ್ಣದ ಕಾಗದ ಬೇಡ. ರಟ್ಟಿನ ಟೇಪ್ ಕಿತ್ತು ಹಾಕಿ.
- ತೆಂಗಿನ ನಾರಿನ ಪುಡಿಯ 650 ಗ್ರಾಂ ಇಟ್ಟಿಗೆ ಒಂದು. ಮೂರು ನಾಲ್ಕು ಲೀಟರ್ ನೀರಿನಲ್ಲಿ ಹಾಕಿದರೆ ಉಬ್ಬುತ್ತದೆ. ಆ ನೀರು ಹಿಂಡಿ ಚೆಲ್ಲಿ, ಇನ್ನೊಮ್ಮೆ ತೊಳೆಯಿರಿ. ನಾರಿನ ಪುಡಿಯಲ್ಲಿ ಉಪ್ಪಿರುತ್ತದೆ.
- ಹಳೆಯ ಸಗಣಿ ಗೊಬ್ಬರ 2-3 ಕಿಲೋ.
- ಒಂದು ಹಿಡಿ ಮಣ್ಣು. ಹುಳುವಿಗೆ ಹಲ್ಲಿಲ್ಲ, ಮಣ್ಣಿನ ಮರಳುಕಣ ಹೊಟ್ಟೆಯಲ್ಲಿ ಅರೆಯುವ ಕೆಲಸ ಮಾಡುತ್ತದೆ.

ಭತ್ತದ ಹುಲ್ಲು ಸಿಗುವವರು ನಾರಿನ ಪುಡಿಯ ಬದಲು ಅದನ್ನೇ ಬೆರಳುದ್ದ ಕತ್ತರಿಸಿ, ಒಂದು ರಾತ್ರಿ ನೆನೆಸಿ ಬಳಸಬಹುದು.

ಎಲ್ಲ ಕಲಸಿ ನೀರು ಚಿಮುಕಿಸಿ. ಒಂದು ಹಿಡಿ ತೆಗೆದು ಜೋರಾಗಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು. ಧಾರೆಯಾಗಿ ಇಳಿದರೆ ನೀರು ಹೆಚ್ಚು. ಹನಿಯೇ ಬೀಳದಿದ್ದರೆ ಕಡಿಮೆ. ಈ ಪರೀಕ್ಷೆ ಒಂದು ಗೊತ್ತಿದ್ದರೆ ತೇವಾಂಶದ ಮೀಟರ್ ಕೊಳ್ಳುವ ಅಗತ್ಯವಿಲ್ಲ. ಸಡಿಲವಾಗಿ 15-20 ಸೆಂ.ಮೀ. ಎತ್ತರ ತುಂಬಿ, ಹುಳು ಬಿಡದೆ ನಾಲ್ಕೈದು ದಿನ ಹಾಗೇ ಇಡಿ. ಕೈ ಇಟ್ಟಾಗ ಒಳಗೆ ಬಿಸಿ ಇದ್ದರೆ ಇನ್ನೂ ಕಾಯಿರಿ.

ಹಸಿ ಸಗಣಿ ಹಾಕಬಹುದೇ?

ಬೇಡ. ಹಸಿ ಸಗಣಿ ಕೊಳೆಯುವಾಗ ಕಾವೇರುತ್ತದೆ, ಘಾಟು ಬಿಡುತ್ತದೆ. ಎರಡೂ ಹುಳುವನ್ನು ಕೊಲ್ಲುತ್ತವೆ. ನೆರಳಿನಲ್ಲಿ 15-20 ದಿನ ಹರಡಿ, ನಡುವೆ ಒಂದೆರಡು ಸಲ ತಿರುವಿ ಹಾಕಿದ ಸಗಣಿ ಸರಿ. ಇನ್ನೊಂದು ವಿಷಯ ಕೇಳಿಯೇ ತನ್ನಿ: ಆ ದನಕ್ಕೆ ಈಚೆಗೆ ಜಂತುನಾಶಕ ಕೊಟ್ಟಿದ್ದಾರೆಯೇ? ಐವರ್‌ಮೆಕ್ಟಿನ್‌ನಂಥ ಔಷಧ ಸಗಣಿಯಲ್ಲಿ ಹೊರಬೀಳುತ್ತದೆ, ಅದು ಎರೆಹುಳುವಿಗೂ ಹಾನಿ ಮಾಡಬಲ್ಲದು. ಔಷಧ ಕೊಟ್ಟ ಒಂದು ತಿಂಗಳವರೆಗೆ ಆ ಕೊಟ್ಟಿಗೆಯ ಸಗಣಿ ಡಬ್ಬಕ್ಕೆ ಬೇಡ.

ತಾರಸಿಯ ಮೇಲೆ ಇಡಬಹುದೇ?

ಚಪ್ಪರವಿದ್ದರೂ ಬೇಡ. ಮಾರ್ಚ್ ಕಳೆದ ಮೇಲೆ ಆರ್‌ಸಿಸಿ ತಾರಸಿ ರಾತ್ರಿ ಹತ್ತಾದರೂ ಕಾವು ಬಿಡುತ್ತಲೇ ಇರುತ್ತದೆ. ತಗಡಿನ ಶೀಟಿನ ಕೆಳಗಂತೂ ಮಾತೇ ಇಲ್ಲ. ಮನೆಯ ಉತ್ತರ ಅಥವಾ ಪೂರ್ವದ ಗೋಡೆ ಬದಿ, ಮೆಟ್ಟಿಲ ಕೆಳಗೆ, ನೀರಿನ ಸಂಪಿನ ಪಕ್ಕ, ಬಚ್ಚಲ ಹಿಂದೆ ಒಳ್ಳೆಯ ಜಾಗ. ವಾಷಿಂಗ್ ಮಷೀನ್, ಮೋಟರ್ ಪಕ್ಕ ಇಡಬೇಡಿ, ಆ ನಡುಕ ಹುಳುವಿಗೆ ಹಿಡಿಸದು. ಅಡುಗೆಮನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ದೂರವಿದ್ದರೆ ನಾಲ್ಕನೇ ವಾರಕ್ಕೆ ಯಾರೂ ಅತ್ತ ಹೋಗುವುದಿಲ್ಲ.

ಹುಳು ಬಿಟ್ಟ ರಾತ್ರಿಯೇ ಗೋಡೆ ಹತ್ತಿ ಹೊರಗೆ ಬರುತ್ತಿವೆ. ಏನು ಮಾಡುವುದು?

ಮೊದಲ ಎರಡು ಮೂರು ರಾತ್ರಿ ಇದು ಸಹಜ. ಜಾಗ ಹೊಸದು. ಮುಚ್ಚಳ ತೆಗೆದು ಮೇಲೆ ಒಂದು ಸಣ್ಣ ಬಲ್ಬ್ ಉರಿಸಿಡಿ, ಬೆಳಕಿಗೆ ಹೆದರಿ ಒಳಗೇ ಉಳಿಯುತ್ತವೆ. ಒಂದು ವಾರವಾದರೂ ನಿಲ್ಲದಿದ್ದರೆ ತಪ್ಪು ಹಾಸಿನಲ್ಲಿದೆ: ಕಾವು, ಹುಳಿ, ಉಪ್ಪು, ಇಲ್ಲವೇ ತಳದಲ್ಲಿ ನಿಂತ ನೀರು. ಆಗ ಅರ್ಧ ಹಾಸು ತೆಗೆದು ಬರಿ ನೆನೆಸಿದ ರಟ್ಟು, ಕಾಗದ ಸೇರಿಸಿ.

ದಿನಕ್ಕೆ ಎಷ್ಟು ಹಾಕಬೇಕು? ಹುಳು ತಮ್ಮ ತೂಕದಷ್ಟೇ ತಿನ್ನುತ್ತವೆ ಎನ್ನುತ್ತಾರಲ್ಲ?

ಆ ಮಾತನ್ನು ನಂಬಿ ಹಾಕಿದವರ ಡಬ್ಬವೇ ಮೊದಲು ನಾರುವುದು. ಚೆನ್ನಾಗಿ ನೆಲೆಗೊಂಡ ಡಬ್ಬದಲ್ಲೂ ಹುಳುವಿನ ತೂಕದ ಅರ್ಧದಷ್ಟು ಲೆಕ್ಕ ಇಟ್ಟುಕೊಳ್ಳಿ. 250 ಗ್ರಾಂ ಹುಳುವಿಗೆ ದಿನಕ್ಕೆ 125 ಗ್ರಾಂ, ಅದೂ ಎರಡು ತಿಂಗಳ ನಂತರ. ಮೊದಲ ವಾರ ಏನೂ ಬೇಡ, ಹಾಸೇ ಸಾಕು. ಎರಡನೇ ವಾರದಿಂದ ಎರಡು ದಿನಕ್ಕೊಮ್ಮೆ 100 ಗ್ರಾಂ. ಅಂದರೆ ಒಂದು ಡಬ್ಬ ಮನೆಯ ಎಲ್ಲ ಹಸಿ ಕಸವನ್ನೂ ನುಂಗುತ್ತದೆ ಎಂದು ಎಣಿಸಬೇಡಿ. ಮೊದಮೊದಲು ಉಳಿದದ್ದು ಕಸದ ಗಾಡಿಗೇ ಹೋಗಲಿ. ಹುಳು ಹೆಚ್ಚಿದಂತೆ ಎರಡನೇ ಡಬ್ಬ ಮಾಡಿ.

ಹುಳು ತಿನ್ನುವುದು ಸೌತೆಕಾಯಿ ಸಿಪ್ಪೆಯನ್ನಲ್ಲ, ಅದರ ಮೇಲೆ ಬೆಳೆದ ಸೂಕ್ಷ್ಮಜೀವಿಗಳ ಸಮೇತ ಮೆತ್ತಗಾದ ಕೊಳೆಯನ್ನು. ಆದ್ದರಿಂದ ಸಿಪ್ಪೆಯನ್ನು ಬೆರಳ ಗೆಣ್ಣಿನಷ್ಟು ಸಣ್ಣ ಹೆಚ್ಚಿ, ಮುಚ್ಚಳ ಸಡಿಲವಿರುವ ಡಬ್ಬಿಯಲ್ಲಿ ಎರಡು ದಿನ ಬಾಡಿಸಿ, ಆಮೇಲೆ ಹಾಕಿ. ಒಂದು ಮೂಲೆಯಲ್ಲಿ ಹಾಸು ಸರಿಸಿ ಹಳ್ಳ ಮಾಡಿ, ಸಿಪ್ಪೆ ಇಟ್ಟು, ಮೇಲೆ ಎರಡು ಇಂಚು ಹಾಸು ಮುಚ್ಚಿ. ಮುಂದಿನ ಸಲ ಇನ್ನೊಂದು ಮೂಲೆ. ನಾಲ್ಕು ಮೂಲೆ ಸುತ್ತಿ ಮೊದಲನೆಯದಕ್ಕೆ ಬಂದಾಗ ಅಲ್ಲಿ ಹಳೆಯದು ಇನ್ನೂ ಗುರುತು ಸಿಗುವಂತಿದ್ದರೆ ಆ ವಾರ ಹಾಕುವುದನ್ನು ನಿಲ್ಲಿಸಿ. ಹಾಕಿದಷ್ಟೇ ತೂಕದ ಒಣ ಎಲೆ ಅಥವಾ ಹರಿದ ಕಾಗದವನ್ನೂ ಸೇರಿಸುತ್ತಾ ಹೋಗಬೇಕು.

ಮೊಟ್ಟೆ ಚಿಪ್ಪನ್ನು ತೊಳೆದು ಒಣಗಿಸಿ ಮಿಕ್ಸಿಯಲ್ಲಿ ಪುಡಿ ಮಾಡಿ, ವಾರಕ್ಕೊಂದು ಚಮಚ ಉದುರಿಸಿ. ಹುಳಿ ತಗ್ಗುತ್ತದೆ. ಸುಣ್ಣ ಹಾಕಬಹುದೇ ಎಂದು ಕೇಳುವವರಿದ್ದಾರೆ: ಎಲೆ ಅಡಿಕೆಗೆ ಹಚ್ಚುವ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ಎರಡೂ ಹುಳುವಿನ ಮೈ ಸುಡುತ್ತವೆ. ಚಿಪ್ಪಿನ ಪುಡಿ ಸಾಕು.

ಏನು ಹಾಕಬಾರದು? ಉಳಿದ ಮಂಡಕ್ಕಿ, ಈರುಳ್ಳಿ ಸಿಪ್ಪೆ, ಹುಣಸೆ ಗೋಟು?

ಮೆತ್ತಗಾದ ಮಂಡಕ್ಕಿ ಒಗ್ಗರಣೆ ಹಾಕದ್ದಾದರೂ ಬೇಡ. ಮಂಡಕ್ಕಿ ಮಾಡುವಾಗಲೇ ಅಕ್ಕಿಗೆ ಉಪ್ಪು ಹಿಡಿಸಿರುತ್ತಾರೆ. ಹುಳು ಉಸಿರಾಡುವುದು ಒದ್ದೆ ಚರ್ಮದಿಂದ. ಉಪ್ಪು ಆ ನೀರನ್ನೇ ಎಳೆದುಬಿಡುತ್ತದೆ. ಅದೇ ಕಾರಣಕ್ಕೆ ಸಾರು ಬೆರೆತ ಅನ್ನ, ಉಪ್ಪಿನಕಾಯಿ, ಮಿರ್ಚಿ-ಬಜ್ಜಿ, ಬೆಣ್ಣೆ ದೋಸೆಯ ತುಂಡು ಯಾವುದೂ ಬೇಡ. ಎಣ್ಣೆ, ಬೆಣ್ಣೆ ಹಾಸಿಗೆ ಅಂಟಿ ಗಾಳಿ ತಡೆಯುತ್ತವೆ, ನಾರುತ್ತವೆ.

ಈರುಳ್ಳಿ ಬೆಳೆಯುವ ಸೀಮೆಯಾದ್ದರಿಂದ ಈ ಪ್ರಶ್ನೆ ಪದೇ ಪದೇ ಬರುತ್ತದೆ. ಈರುಳ್ಳಿ, ಬೆಳ್ಳುಳ್ಳಿಯ ಒಣ ಹೊರಸಿಪ್ಪೆ ಕಾಗದದ ಹಾಗೆ ನಿಧಾನವಾಗಿ ಕರಗುತ್ತದೆ, ಸ್ವಲ್ಪ ಹಾಕಬಹುದು. ಹಸಿ ಅಥವಾ ಕೊಳೆತ ಗೆಡ್ಡೆ ಬೇಡ. ಬೆಲೆ ಬಿದ್ದಾಗ ಚೀಲಗಟ್ಟಲೆ ಕೊಳೆತದ್ದನ್ನು ಡಬ್ಬಕ್ಕೆ ಸುರಿಯುವ ಯೋಚನೆ ಬಿಡಿ. ಅದಕ್ಕೆ ತಿಪ್ಪೆ ಇದೆ.

ರಸ ಹಿಂಡಿದ ಹುಣಸೆ ಗೋಟು, ನಿಂಬೆ-ಮೋಸಂಬಿ ಸಿಪ್ಪೆ, ದಾಳಿಂಬೆ ಸಿಪ್ಪೆ, ಹಸಿ ಮೆಣಸಿನಕಾಯಿ: ಇವು ಅಪರೂಪಕ್ಕೆ ಒಂದು ಚೂರು, ಇಲ್ಲದಿದ್ದರೇ ಒಳ್ಳೆಯದು. ಬೇವಿನ ಸೊಪ್ಪು, ಬೇವಿನ ಹಿಂಡಿ ಬೇಡ. ಚಹಾ ಚರಟವನ್ನು ಹಾಲು-ಸಕ್ಕರೆ ಹೋಗುವಂತೆ ತೊಳೆದು ಹಾಕಿ. ದೇವರ ಹೂವು ಹಾಕಬಹುದು, ದಾರ ಮತ್ತು ಕುಂಕುಮ ತೆಗೆದು. ದುಗ್ಗಮ್ಮನ ಜಾತ್ರೆಯ ಬಾಡೂಟದ ಮೂಳೆ-ಮಾಂಸ ಡಬ್ಬಕ್ಕೆ ಹೋದರೆ ಹುಳುವಿಗಿಂತ ಮೊದಲು ಹೆಗ್ಗಣ ಬರುತ್ತದೆ.

ಬಾಳೆ, ಪಪ್ಪಾಯ, ಕಲ್ಲಂಗಡಿ, ಕುಂಬಳ, ಹೀರೆ, ಸೊಪ್ಪಿನ ದಂಟು, ಹೂಕೋಸಿನ ಎಲೆ: ಇವೇ ಹುಳುವಿಗೆ ಹಬ್ಬ. ಕಲ್ಲಂಗಡಿ ಹಾಕಿದ ದಿನ ಜೊತೆಗೆ ಎರಡರಷ್ಟು ಒಣ ಕಾಗದ ಇರಲಿ.

ಯಾವ ನೀರು ಹಾಕಬೇಕು?

ನಲ್ಲಿ ನೀರಾದರೆ ಬಕೆಟ್ಟಿನಲ್ಲಿ ಒಂದು ರಾತ್ರಿ ತೆರೆದಿಟ್ಟು, ಕ್ಲೋರಿನ್ ಹೋದ ಮೇಲೆ ಬಳಸಿ. ಬೋರ್ ನೀರು ಗಡಸಾದರೆ ಹುಳುವಿಗೆ ದೊಡ್ಡ ತೊಂದರೆಯಿಲ್ಲ, ಬಾಯಿಗೆ ಉಪ್ಪು ತಾಗಿದರೆ ತೊಂದರೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಮಾತ್ರ ಖಂಡಿತ ಹಾಕಬೇಡಿ. ಸೋಸಿ ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ. ನಮ್ಮ ಒಣಗಾಳಿಗೆ ನೀರು ಆರುತ್ತದೆ, ಲವಣ ಡಬ್ಬದಲ್ಲೇ ಉಳಿಯುತ್ತದೆ, ವಾರ ವಾರಕ್ಕೂ ಹೆಚ್ಚುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದೇ ಎಲ್ಲಕ್ಕಿಂತ ಮೇಲು. ಅಕ್ಕಿ ತೊಳೆದ ನೀರು ಆಗಾಗ ಒಂದು ಲೋಟ ಆಗುತ್ತದೆ. ಉಪ್ಪು ಹಾಕಿ ಬಸಿದ ಗಂಜಿ ಆಗದು.

ಎಷ್ಟು ನೀರು ಎನ್ನುವುದನ್ನು ಹಿಡಿ ಹಿಂಡುವ ಪರೀಕ್ಷೆಯೇ ಹೇಳುತ್ತದೆ. ಸುರಿಯಬೇಡಿ, ಕೈಯಿಂದ ಚಿಮುಕಿಸಿ.

ಏಪ್ರಿಲ್-ಮೇ ದಾಟಿಸುವುದು ಹೇಗೆ?

ಈ ಸೀಮೆಯ ನಿಜವಾದ ಪರೀಕ್ಷೆ ಇದೇ. ಹೊರಗೆ 38 ಡಿಗ್ರಿ ದಾಟುವ ದಿನಗಳಿರುತ್ತವೆ. ಹಾಸಿನೊಳಗೆ 30ರವರೆಗೆ ಹುಳು ಹಾಯಾಗಿರುತ್ತವೆ. 35 ದಾಟಿದರೆ ಸಾಯತೊಡಗುತ್ತವೆ. ಅಂದಾಜಿನ ಮೇಲೆ ಬಿಡಬೇಡಿ. ಅಡುಗೆಗೆ ಬಳಸುವ ಕಡ್ಡಿ ಥರ್ಮಾಮೀಟರ್ ಒಂದನ್ನು ಮಧ್ಯಾಹ್ನ ಮೂರರ ಹೊತ್ತಿಗೆ ಹಾಸಿನ ನಡುವೆ ಚುಚ್ಚಿ ನೋಡಿ.

ಒಣಗಾಳಿಯಿಂದ ಒಂದು ಲಾಭವೂ ಇದೆ. ಒದ್ದೆ ಗೋಣಿಚೀಲದಿಂದ ನೀರು ಬೇಗ ಆರುತ್ತದೆ, ಆರುವಾಗ ಕಾವನ್ನೂ ಎಳೆದುಕೊಳ್ಳುತ್ತದೆ. ಕರಾವಳಿಯ ಮುಗ್ಗಲು ಗಾಳಿಯಲ್ಲಿ ಈ ಉಪಾಯ ಅಷ್ಟು ಕೆಲಸ ಮಾಡುವುದಿಲ್ಲ, ನಮ್ಮಲ್ಲಿ ಚೆನ್ನಾಗಿ ಮಾಡುತ್ತದೆ. ಮುಚ್ಚಳ ತೆಗೆದು, ಟಬ್ಬಿನ ಬಾಯಿಗೆ ಮತ್ತು ಸುತ್ತಲೂ ಒದ್ದೆ ಗೋಣಿ ಹೊದಿಸಿ ಗಾಳಿಯಾಡುವ ನೆರಳಿನಲ್ಲಿಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗೋಣಿಯನ್ನು ನೆನೆಸಿ, ಹಾಸನ್ನಲ್ಲ. ಬಿಸಿಲು ಜಾಸ್ತಿ ಎಂದು ಹಾಸಿಗೇ ನೀರು ಸುರಿಯುವವರು ಹುಳುವನ್ನು ಮುಳುಗಿಸಿ ಬೇಯಿಸುತ್ತಾರೆ. ಒಳಗೆ 33 ದಾಟಿದರೆ ನೀರು ತುಂಬಿ ಹೆಪ್ಪುಗಟ್ಟಿಸಿದ ಅರ್ಧ ಲೀಟರ್ ಬಾಟಲಿಯನ್ನು ಬಟ್ಟೆ ಸುತ್ತಿ ಹಾಸಿನ ಮೇಲೆ ಒಂದು ಬದಿಗೆ ಇಡಿ.

ಈ ಎರಡು ತಿಂಗಳು ಸಿಪ್ಪೆ ಅರ್ಧಕ್ಕೆ ಇಳಿಸಿ. ಕೊಳೆಯುವ ತಿಂಡಿಯೇ ಒಳಗಿನ ಒಲೆ.

ವಾಸನೆ ಬರುತ್ತಿದೆ.

ಸರಿಯಾಗಿರುವ ಡಬ್ಬದಿಂದ ಮೊದಲ ಮಳೆಯ ಮಣ್ಣಿನ ವಾಸನೆಯಷ್ಟೇ ಬರಬೇಕು. ಬೇರೆ ಏನು ಬಂದರೂ ಯಾವ ವಾಸನೆ ಎಂದು ಮೊದಲು ಗುರುತಿಸಿ.

ಹುಳಿ ವಾಸನೆ, ಅಂದರೆ ಹಿಟ್ಟು ಹುಳಿ ಬಂದ ಹಾಗೆ: ತಿಂಡಿ ಹೆಚ್ಚಾಗಿದೆ. ಕರಗದ್ದನ್ನು ಎತ್ತಿ ಹೊರಹಾಕಿ, ಎರಡು ಚಮಚ ಚಿಪ್ಪಿನ ಪುಡಿ ಉದುರಿಸಿ, ಒಣ ರಟ್ಟು ಬೆರೆಸಿ, ಒಂದು ವಾರ ಏನೂ ಹಾಕಬೇಡಿ.

ಕೊಳೆತ ಮೊಟ್ಟೆಯ ನಾತ: ತಳದಲ್ಲಿ ನೀರು ನಿಂತು ಗಾಳಿ ಸತ್ತಿದೆ. ತಳದ ತೂತುಗಳು ಕಟ್ಟಿಕೊಂಡಿರುತ್ತವೆ. ಮೇಲಿನ ಟಬ್ ಎತ್ತಿ, ಕಡ್ಡಿಯಿಂದ ತೂತು ಬಿಡಿಸಿ, ಕೆಳಗಿನ ನೀರು ಚೆಲ್ಲಿ. ಹಾಸನ್ನು ಕೈಯಿಂದ ಮೆಲ್ಲಗೆ ಬಿಡಿಸಿ. ಸಲಾಕೆ, ಕಳೆ ಕೀಳುವ ಕುರ್ಚಿಗೆ ಬೇಡ, ಹುಳು ತುಂಡಾಗುತ್ತವೆ.

ಮೂಗಿಗೆ ಹತ್ತುವ ಗಂಜಲದ ಘಾಟು: ಹಸಿ ಸಗಣಿ, ಕಾಳು-ಬೇಳೆ, ಹಿಂಡಿಯಂಥದ್ದು ಹೆಚ್ಚಾಗಿದೆ. ಅದು ಅಮೋನಿಯಾ, ಎಲ್ಲಕ್ಕಿಂತ ಅಪಾಯ. ತಕ್ಷಣ ಮುಚ್ಚಳ ತೆಗೆದು, ಆ ಭಾಗವನ್ನೇ ಎತ್ತಿಹಾಕಿ, ಒಣ ಎಲೆ ಅಥವಾ ಕಾಗದ ಧಾರಾಳವಾಗಿ ಬೆರೆಸಿ.

ಹುಳು ಅಲ್ಲಲ್ಲಿ ಉಬ್ಬಿ ಗಂಟುಗಂಟಾಗಿ ಸಾಯುತ್ತಿವೆ. ರೋಗವೇ?

ರೋಗವಲ್ಲ. ಬೇಳೆ, ರೊಟ್ಟಿ, ಹಿಟ್ಟು, ಹಿಂಡಿ ಇಂಥವನ್ನು ಹೆಚ್ಚು ತಿಂದಾಗ ಅದು ಹುಳುವಿನ ಹೊಟ್ಟೆಯೊಳಗೇ ಹುಳಿತು ಗಾಳಿ ತುಂಬುತ್ತದೆ. ಉಬ್ಬಿದ ಹುಳು ಉಳಿಯುವುದಿಲ್ಲ. ಉಳಿದವನ್ನು ಹೊಸ ಹಾಸಿಗೆ ದಾಟಿಸಿ.

ಗುಂಗುರು ನೊಣ, ಬಿಳಿ ಹುಳು, ಇರುವೆ…

ಗುಂಗುರು ನೊಣ ಬಂದರೆ ಸಿಪ್ಪೆ ಮೇಲೆ ಕಾಣುವಂತೆ ಬಿಟ್ಟಿದ್ದೀರಿ. ಹೂತು ಮುಚ್ಚಿ, ಹಾಸಿನ ಮೇಲೆ ಒದ್ದೆ ದಿನಪತ್ರಿಕೆಯ ಇಡೀ ಹಾಳೆ ಹೊದಿಸಿ. ಒಂದು ಲೋಟದಲ್ಲಿ ಬೆಲ್ಲದ ನೀರು, ಸ್ವಲ್ಪ ವಿನೆಗರ್, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ ಪಕ್ಕದಲ್ಲಿಟ್ಟರೆ ಅದರಲ್ಲಿ ಬಿದ್ದು ಮುಗಿಯುತ್ತವೆ.

ಬೂದು ಬಣ್ಣದ, ಚಪ್ಪಟೆ, ಎರಡು ಸೆಂ.ಮೀ. ಉದ್ದದ ಒರಟು ಹುಳು ಕಂಡರೆ ಅದು ಸೋಲ್ಜರ್ ನೊಣದ ಮರಿ. ಎರೆಹುಳುವನ್ನು ತಿನ್ನುವುದಿಲ್ಲ, ಆದರೆ ಅದರ ಊಟವನ್ನು ತಿಂದುಬಿಡುತ್ತದೆ. ತಿಂಡಿ ಕಡಿಮೆ ಮಾಡಿದರೆ ಹೋಗುತ್ತದೆ. ದಾರದಂಥ ಸಣ್ಣ ಬಿಳಿ ಹುಳು ನಿರುಪದ್ರವಿ; ಹಾಸು ಹುಳಿಯಾಗಿದೆ ಎಂದು ಹೇಳುತ್ತದೆ, ಅಷ್ಟೇ. ಕೆಂಪು ನುಸಿ ಗುಂಪು ಕಟ್ಟಿದ್ದರೆ ಸಂಜೆ ಒಂದು ಕಲ್ಲಂಗಡಿ ಸಿಪ್ಪೆ ಇಟ್ಟು, ಬೆಳಿಗ್ಗೆ ನುಸಿ ಸಮೇತ ಎತ್ತಿ ಎಸೆಯಿರಿ. ನಾಲ್ಕೈದು ದಿನ ಹೀಗೇ ಮಾಡಿ.

ಇರುವೆ ಗೂಡು ಕಟ್ಟಿದರೆ ಹಾಸು ಒಣಗಿದೆ. ನೀರು ಸರಿಪಡಿಸಿ, ಟಬ್ಬನ್ನು ನಾಲ್ಕು ಇಟ್ಟಿಗೆಯ ಮೇಲಿಟ್ಟು ಇಟ್ಟಿಗೆಗಳನ್ನು ನೀರಿನ ತಟ್ಟೆಗಳಲ್ಲಿ ನಿಲ್ಲಿಸಿ. ಆ ನೀರನ್ನು ಮೂರು ದಿನಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಇರುವೆ ಪುಡಿ, ಇರುವೆ ಚಾಕ್ ಡಬ್ಬದ ಹತ್ತಿರವೂ ತರಬೇಡಿ. ಜರಿ ಕಂಡರೆ ಇಕ್ಕಳದಲ್ಲಿ ಹಿಡಿದು ತೆಗೆಯಿರಿ. ಅದು ಎರೆಹುಳುವನ್ನು ಬೇಟೆಯಾಡುತ್ತದೆ.

ಹಾಸಿನಲ್ಲಿ ಸಣ್ಣ ಹಳದಿ ಕಾಳುಗಳಿವೆ. ಯಾವುದಾದರೂ ಬೀಜವೇ?

ಸಾಸಿವೆಗಿಂತ ಸ್ವಲ್ಪ ದೊಡ್ಡದು, ನಿಂಬೆಹಣ್ಣಿನ ಆಕಾರ, ಒಂದು ತುದಿ ಚೂಪಾಗಿದ್ದರೆ ಅದು ಮೊಟ್ಟೆಕೋಶ. ಮೊದಲು ತಿಳಿಹಳದಿ, ಮರಿಯಾಗುವ ಹೊತ್ತಿಗೆ ಕೆಂಪುಗಂದು. ಸುಮಾರು ಮೂರು ವಾರಕ್ಕೆ ಒಡೆದು, ಒಂದೊಂದರಿಂದ ಎರಡು ಮೂರು ಬಿಳಿ ದಾರದಂಥ ಮರಿ ಹೊರಬರುತ್ತವೆ. ಒಂದೂವರೆ-ಎರಡು ತಿಂಗಳಿಗೆ ಅವೂ ಕೋಶ ಇಡುತ್ತವೆ. ಕೋಶ ಕಂಡರೆ ನಿಮ್ಮ ಡಬ್ಬ ಚೆನ್ನಾಗಿದೆ.

ಹುಳು ತುಂಡಾದರೆ ಎರಡು ಹುಳುವಾಗುತ್ತದೆಯೇ?

ಇಲ್ಲ. ತಲೆಯ ಭಾಗ ಉದ್ದ ಉಳಿದಿದ್ದರೆ ಅದು ಬದುಕಬಹುದು. ಬಾಲದ ತುಂಡು ಸಾಯುತ್ತದೆ.

ಎರಡು ವಾರ ಊರಿಗೆ ಹೋಗಬೇಕು. ಯಾರಿಗೆ ಒಪ್ಪಿಸುವುದು?

ಯಾರಿಗೂ ಬೇಡ. ಪಕ್ಕದ ಮನೆಯವರು ಪ್ರೀತಿಯಿಂದ ಮುಸುರೆಯೆಲ್ಲ ತಂದು ಸುರಿದರೆ ಕಷ್ಟ. ಹೊರಡುವ ಎರಡು ದಿನ ಮೊದಲು ಎಂದಿನಷ್ಟೇ ಸಿಪ್ಪೆ ಹಾಕಿ, ಮೇಲೆ ನಾಲ್ಕು ಬೆರಳು ದಪ್ಪ ನೆನೆಸಿದ ರಟ್ಟು ಮುಚ್ಚಿ ಹೋಗಿ. ಮೂರು ವಾರ ಅದನ್ನೇ ತಿಂದುಕೊಂಡಿರುತ್ತವೆ. ಬೇಸಿಗೆಯಲ್ಲಾದರೆ ಮಾತ್ರ ಗೋಣಿ ನೆನೆಸಲು ಒಬ್ಬರಿಗೆ ಹೇಳಿ, ಸಿಪ್ಪೆ ಹಾಕಬೇಡಿ ಎಂದೂ ಹೇಳಿ.

ಗೊಬ್ಬರ ಯಾವಾಗ ಸಿದ್ಧ? ತೆಗೆಯುವುದು ಹೇಗೆ?

ಎರಡೂವರೆ-ಮೂರು ತಿಂಗಳಿಗೆ. ಕಪ್ಪಗೆ, ಚಹಾಪುಡಿಯಂತೆ ಉದುರುದುರಾಗಿ, ರಟ್ಟಿನ ಗುರುತು ಸಿಗದಂತಾದಾಗ. ಐದು ದಿನ ಮೊದಲು ನೀರು ನಿಲ್ಲಿಸಿ, ಅಂಟು ಕಡಿಮೆಯಾಗುತ್ತದೆ.

ಬೇಗ ಬೇಕೆಂದರೆ ತಾಡಪಾಲಿನ ಮೇಲೆ ನೆರಳಿನ ಬೆಳಕಿನಲ್ಲಿ ಗೋಪುರದಂತೆ ಗುಡ್ಡೆ ಹಾಕಿ. ಕಾಲು ಗಂಟೆ ಬಿಟ್ಟರೆ ಹುಳು ಬೆಳಕಿಗೆ ಅಂಜಿ ಒಳಗಿಳಿಯುತ್ತವೆ. ಮೇಲಿನ ಪದರ ಕೈಯಿಂದ ಸವರಿ ತೆಗೆಯಿರಿ, ಮತ್ತೆ ಕಾಯಿರಿ, ಮತ್ತೆ ಸವರಿ. ಕೊನೆಗೆ ತಳದಲ್ಲಿ ಹುಳುವಿನ ಉಂಡೆಯೇ ಉಳಿಯುತ್ತದೆ. ನೇರ ಬಿಸಿಲಿಗೆ ಇಡಬೇಡಿ. ಪುರುಸೊತ್ತಿದ್ದವರಿಗೆ ಇನ್ನೊಂದು ದಾರಿ: ಟಬ್ಬಿನಲ್ಲಿದ್ದದ್ದನ್ನೆಲ್ಲ ಒಂದು ಬದಿಗೆ ಸರಿಸಿ, ಖಾಲಿ ಬದಿಗೆ ಹೊಸ ಹಾಸು ತುಂಬಿ, ತಿಂಡಿ ಅಲ್ಲಿಗಷ್ಟೇ ಹಾಕಿ. ಮೂರು ನಾಲ್ಕು ವಾರದಲ್ಲಿ ಹೆಚ್ಚಿನ ಹುಳು ಆಚೆಗೆ ದಾಟಿರುತ್ತವೆ. ನಮ್ಮ ಮತ ಎರಡನೆಯದಕ್ಕೆ. ಹುಳುವಿಗೂ ಪೆಟ್ಟಿಲ್ಲ, ಸೊಂಟಕ್ಕೂ ನೋವಿಲ್ಲ.

ಮೊದಲ ಸಲ ಸಿಗುವುದು ಕಡಿಮೆ ಎಂದು ಬೇಸರಪಡಬೇಡಿ. ತರಕಾರಿ ಸಿಪ್ಪೆಯಲ್ಲಿ ಹೆಚ್ಚುಪಾಲು ನೀರೇ. ತೆಗೆದ ಗೊಬ್ಬರವನ್ನು 4 ಮಿ.ಮೀ. ಜರಡಿಯಲ್ಲಿ ಜಾಲಿಸಿ, ಜರಡಿಯಲ್ಲಿ ಉಳಿದ ತರಿಯನ್ನು ಡಬ್ಬಕ್ಕೇ ಹಾಕಿ, ಅದರಲ್ಲಿ ಕೋಶಗಳಿರುತ್ತವೆ. ಗೊಬ್ಬರವನ್ನು ಗೋಣಿಚೀಲದಲ್ಲಿ, ನೆರಳಿನಲ್ಲಿ, ಸ್ವಲ್ಪ ತೇವ ಇರುವಂತೆ ಇಡಿ. ಪೂರ್ತಿ ಒಣಗಿಸಿದರೆ ಸೂಕ್ಷ್ಮಜೀವಿಗಳು ಸಾಯುತ್ತವೆ, ಪುಡಿ ನೀರನ್ನೂ ಹೀರುವುದಿಲ್ಲ.

ಕೆಳಗಿನ ಟಬ್ಬಿನಲ್ಲಿ ಸೇರುವ ಕಂದು ನೀರೇ ವರ್ಮಿವಾಶ್ ಅಲ್ಲವೇ?

ಅಲ್ಲ. ವರ್ಮಿವಾಶ್ ಎಂದರೆ ಹುಳುಗಳಿರುವ ಪದರದ ಮೂಲಕ ಬೇಕೆಂದೇ ನೀರು ಇಳಿಸಿ ಹಿಡಿಯುವ ದ್ರವ. ಇದು ಕೊಳೆಯುವ ಸಿಪ್ಪೆಯಿಂದ ಸೋರಿದ ರಸ. ನಾರದಿದ್ದರೆ ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ ಹೂಗಿಡದ ಬುಡಕ್ಕೆ ಹಾಕಬಹುದು. ತಿನ್ನುವ ಸೊಪ್ಪಿನ ಮೇಲೆ ಸಿಂಪಡಿಸಬೇಡಿ. ನಾರುತ್ತಿದ್ದರೆ ಚೆಲ್ಲಿಬಿಡಿ. ವಾರಕ್ಕೆ ಒಂದು ಲೋಟಕ್ಕಿಂತ ಹೆಚ್ಚು ಸೇರುತ್ತಿದ್ದರೆ ಡಬ್ಬಕ್ಕೆ ನೀರು ಜಾಸ್ತಿಯಾಗಿದೆ.

ಗಿಡಕ್ಕೆ ಎಷ್ಟು ಹಾಕಬೇಕು?

12 ಇಂಚಿನ ಕುಂಡಕ್ಕೆ ತಿಂಗಳಿಗೊಮ್ಮೆ ಎರಡು ಹಿಡಿ. ಮೇಲ್ಮಣ್ಣು ಕೆದಕಿ, ಹಾಕಿ, ಮುಚ್ಚಿ, ನೀರು ಹಾಕಿ. ಮಣ್ಣಿನ ಮೇಲೆ ಹಾಗೇ ಬಿಟ್ಟರೆ ನಮ್ಮ ಬಿಸಿಲಿಗೆ ಒಂದೇ ದಿನದಲ್ಲಿ ಗಟ್ಟಿ ಹೆಪ್ಪಳಿಕೆಯಾಗುತ್ತದೆ. ಹೊಸ ಕುಂಡ ತುಂಬುವಾಗ ಐದು ಪಾಲಿನಲ್ಲಿ ಒಂದು ಪಾಲು ಎರೆಗೊಬ್ಬರ ಸಾಕು. ಬರಿ ಎರೆಗೊಬ್ಬರದಲ್ಲಿ ಗಿಡ ನೆಡಬೇಡಿ.

ಹೆಚ್ಚಾದ ಗೊಬ್ಬರ ಮಾರಬಹುದೇ?

ನೆರೆಹೊರೆಯವರಿಗೆ ಒಂದು ಚೀಲ ಕೊಡುವುದು ಬೇರೆ, ಹೆಸರು ಹಾಕಿ ಪ್ಯಾಕೆಟ್ ಮಾಡಿ ಮಾರುವುದು ಬೇರೆ. ಎರಡನೆಯದು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಯಲ್ಲಿ ಬರುತ್ತದೆ. ಅದರಲ್ಲಿ ಎರೆಗೊಬ್ಬರಕ್ಕೆ ಅಳತೆಗಳಿವೆ: ತೇವಾಂಶ 15ರಿಂದ 25 ಶೇಕಡಾ, ಸಾವಯವ ಇಂಗಾಲ ಕನಿಷ್ಠ 18, ಸಾರಜನಕ ಕನಿಷ್ಠ 1, ರಂಜಕ ಮತ್ತು ಪೊಟ್ಯಾಷ್ ತಲಾ ಕನಿಷ್ಠ 0.8, ಶೇಕಡಾ 90ರಷ್ಟು 4 ಮಿ.ಮೀ. ಜರಡಿಯಲ್ಲಿ ಇಳಿಯಬೇಕು. ಪರವಾನಗಿಯ ವಿವರಕ್ಕೆ ಕೃಷಿ ಇಲಾಖೆಯ ಕಚೇರಿಗೆ ಹೋಗಿ.

ಗೊಬ್ಬರ ಹಾಕಿದ ಕುಂಡದಲ್ಲೆಲ್ಲ ಟೊಮೆಟೊ, ಕುಂಬಳದ ಸಸಿ ಏಳುತ್ತಿವೆ!

ಎರೆಹುಳು ಡಬ್ಬ ತಿಪ್ಪೆಯಷ್ಟು ಕಾಯುವುದಿಲ್ಲ, ಹಾಗಾಗಿ ಬೀಜ ಸಾಯುವುದಿಲ್ಲ. ಟೊಮೆಟೊ, ಕುಂಬಳ, ಪಪ್ಪಾಯದ ಬೀಜವನ್ನು ಮೊದಲೇ ಬೇರೆ ತೆಗೆದಿಡಿ. ಆದದ್ದು ಆಯಿತು ಎಂದರೆ ಜಾಲಿಸಿದ ಗೊಬ್ಬರಕ್ಕೆ ನೀರು ಚಿಮುಕಿಸಿ, ಗೋಣಿ ಮುಚ್ಚಿ ಹತ್ತು ದಿನ ಇಡಿ. ಮೊಳೆತದ್ದನ್ನು ಕಿತ್ತು ಡಬ್ಬಕ್ಕೇ ಹಾಕಿ, ಆಮೇಲೆ ಕುಂಡಕ್ಕೆ ಬಳಸಿ.